ಹಾಡಿನಲ್ಲಿ ಬಂದ ಜೀವನಾಂಶ

ನೆಂಟರ ನಡುವೆ ದುಡ್ಡು ಬರಬಾರದು ಎನ್ನುತ್ತಾರೆ ಹಿರಿಯರು. ಬಂದರೆ ಏನಾಗುತ್ತದೆ ಎಂದು ಕೇಳುವವರಿಗೆ ನಾನು ಅಮೆರಿಕದ ಡೆಟ್ರಾಯಿಟ್ ಊರಿನ ಗಾರ್ಡಿ ಮನೆತನದ ಕತೆ ಹೇಳುತ್ತೇನೆ.

ಅಲ್ಲಿನ ಕಪ್ಪು ಜನ ಚರ್ಚಿನ ಹಾಡಿನ ಆರ್ತತೆಯನ್ನು ಪ್ರೇಮಗೀತೆಗೆ ತಂದು ಕಟ್ಟಿದ ಸಂಗೀತಕ್ಕೆ ಸೋಲ್ ಎಂದು ಹೆಸರು. ಅದನ್ನು ಮನೆಮನೆಗೆ ಮುಟ್ಟಿಸಿದ ಮೋಟೌನ್ ಕಂಪನಿ ಹುಟ್ಟಿದ್ದು ಮನೆಯವರೇ ಕೂಡಿಟ್ಟ ನಿಧಿಯಿಂದ. 1959ರಲ್ಲಿ ಬೆರಿ ಗಾರ್ಡಿ ಅದರಿಂದ 800 ಡಾಲರ್ ಸಾಲ ಕೇಳಿದಾಗ ದೊಡ್ಡಕ್ಕ ಎಸ್ತರ್ ಸುಲಭಕ್ಕೆ ಒಪ್ಪಲಿಲ್ಲ. ಕೊನೆಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡೇ ಹಣ ಕೊಟ್ಟರು.

ಆಮೇಲೆ ಮನೆ ಎಲ್ಲಿ ಮುಗಿಯಿತು, ಕಚೇರಿ ಎಲ್ಲಿ ಶುರುವಾಯಿತು ಎಂದು ಹೇಳುವುದೇ ಕಷ್ಟ. ಮಹಡಿಯಲ್ಲಿ ವಾಸ, ಕೆಳಗೆ ಸ್ಟುಡಿಯೋ. ಗ್ವೆನ್ ಎಂಬ ಅಕ್ಕ ಗಾಯಕ ಹಾರ್ವಿ ಫುಕ್ವಾನನ್ನು ಮದುವೆಯಾದಳು. ಇನ್ನೊಬ್ಬ ಅಕ್ಕ ಆ್ಯನಾ, ತನಗಿಂತ 17 ವರ್ಷ ಚಿಕ್ಕವನಾದ ಗಾಯಕ ಮಾರ್ವಿನ್ ಗೇನ ಕೈ ಹಿಡಿದಳು. ಬೆರಿಯ ಮಗಳು ಹೇಝಲ್ 1973ರಲ್ಲಿ ಜಾಕ್ಸನ್ ಸಹೋದರರ ಪೈಕಿ ಜರ್ಮೇನ್‌ನನ್ನು ವರಿಸಿದಳು. ಎರಡು ವರ್ಷಕ್ಕೆ ಅಣ್ಣತಮ್ಮಂದಿರು ಮೋಟೌನ್ ಬಿಟ್ಟು ಹೊರಟರು. ಜರ್ಮೇನ್ ಮಾವನ ಜೊತೆ ಉಳಿದ. ಒಡಹುಟ್ಟಿದವರೋ, ಹೆಂಡತಿಯ ತವರೋ? ಮನೆಅಳಿಯನ ಸಂಕಟ ಎಲ್ಲ ದೇಶದಲ್ಲೂ ಒಂದೇ.

ನನ್ನ ಮನಸ್ಸು ಮಾತ್ರ ನಿಲ್ಲುವುದು ಆ್ಯನಾಳ ಬಳಿ. ಆಕೆ ಗಂಡನಿಂದ ಹೆಸರು ಪಡೆದವಳಲ್ಲ. ಮದುವೆಗೆ ಮೊದಲೇ, ಗ್ವೆನ್ ಜೊತೆ ಸೇರಿ ನಡೆಸಿದ ರೆಕಾರ್ಡ್ ಕಂಪನಿಗೆ ಆಕೆಯದೇ ಹೆಸರಿತ್ತು. ತಮ್ಮನ ಕಂಪನಿಯ ಮೊದಲ ಜನಪ್ರಿಯ ಹಾಡು 'ಮನಿ' ದೇಶದ ಅಂಗಡಿಗಳಿಗೆ ಹೋದದ್ದು ಅದರ ಮೂಲಕವೇ. 1969ರ 'ಬೇಬಿ, ಐಯಾಮ್ ಫಾರ್ ರಿಯಲ್' ಗೀತೆಯನ್ನು ಗಂಡನ ಜೊತೆ ಬರೆದವಳೂ ಆಕೆಯೇ.

ಮುಂದೆ ಮಾರ್ವಿನ್ ಬೇರೊಬ್ಬಳ ಜೊತೆ ಸಂಸಾರ ಹೂಡಿದ. 1977ರಲ್ಲಿ ವಿಚ್ಛೇದನವಾಯಿತು. ಕೊಡಲು ಅವನ ಕೈಯಲ್ಲಿ ಹಣವಿಲ್ಲ. ಆದ್ದರಿಂದ ಮುಂದಿನ ಆಲ್ಬಮ್ಮಿನ ಗಳಿಕೆಯಿಂದ ಆ್ಯನಾಗೆ 6 ಲಕ್ಷ ಡಾಲರ್ ಕೊಡಬೇಕೆಂದು ತೀರ್ಮಾನವಾಯಿತು. ಹೇಗೋ ಒಂದನ್ನು ಮಾಡಿ ಕೈತೊಳೆದುಕೊಳ್ಳೋಣವೆಂದು ಕೂತವನು ಎದೆಯಲ್ಲಿದ್ದುದನ್ನೆಲ್ಲ ಹಾಡಿಬಿಟ್ಟ. 1978ರ ಡಿಸೆಂಬರಿನಲ್ಲಿ 'ಹಿಯರ್, ಮೈ ಡಿಯರ್' ಹೊರಬಂತು. ಅದರ ತುಂಬ ಆ ದಾಂಪತ್ಯದ ಜಗಳ, ದೂರು, ವಕೀಲರ ಲೆಕ್ಕ. ಹೊದಿಕೆಯ ಒಳಗೊಂದು ಚಿತ್ರ: ಆಟದ ಹಾಸಿನ ಮೇಲೆ ಗಂಡಿನ ಕೈಯೊಂದು ಹೆಣ್ಣಿನ ಕೈಗೆ ರೆಕಾರ್ಡನ್ನು ಚಾಚುತ್ತಿದೆ.

ಅದನ್ನು ಮಾರಾಟಕ್ಕಿಟ್ಟವನಾರು? ಆಕೆಯ ಸ್ವಂತ ತಮ್ಮ! ತಮ್ಮನ ಪೆಟ್ಟಿಗೆಯ ದುಡ್ಡು ಗಂಡನ ದೂರಿನ ದಾರಿ ಹಿಡಿದು ಅಕ್ಕನಿಗೆ ಬರಬೇಕು. ಹೆಚ್ಚು ಜನ ಕೊಂಡಷ್ಟೂ ಹೆಚ್ಚು ಜನರೆದುರು ಆಕೆಯ ಸಂಸಾರ ಬಯಲು. ಮಾನ ಕೊಟ್ಟು ಜೀವನಾಂಶ ಪಡೆಯುವ ಈ ವ್ಯವಹಾರ ನಮ್ಮ ಹೆಂಗಸರಿಗೆ ತಿಳಿಯದ್ದೇನಲ್ಲ. ತನ್ನ ಖಾಸಗಿ ಬದುಕನ್ನು ಬೀದಿಗೆಳೆದನೆಂದು ದಾವೆ ಹೂಡಲು ಆಕೆ ಯೋಚಿಸಿದ್ದಳಂತೆ. ಹೂಡಲಿಲ್ಲ.

1984ರಲ್ಲಿ ಮಾರ್ವಿನ್ ಹೆತ್ತ ತಂದೆಯ ಗುಂಡಿಗೆ ಬಲಿಯಾದ. ಆ್ಯನಾ 2014ರಲ್ಲಿ, 92ರ ವಯಸ್ಸಿನಲ್ಲಿ ತೀರಿಕೊಂಡಳು. ಹೊರಬಂದಾಗ ಅಷ್ಟಾಗಿ ಮಾರದ ಆ ಆಲ್ಬಮ್ಮನ್ನು ವಿಮರ್ಶಕರು ಈಗ ದೊಡ್ಡ ಕೃತಿ ಎನ್ನುತ್ತಾರೆ. ಇರಬಹುದು, ನನಗೂ ಅದು ಇಷ್ಟವೇ. ಆದರೆ ಆ ಮನೆಯಲ್ಲಿ ಹಾಡು ಬರೆಯಬಲ್ಲವರು ಇಬ್ಬರಿದ್ದರು. ನಮಗೆ ಕೇಳಿಸಿದ್ದು ಒಬ್ಬರ ಮಾತು ಮಾತ್ರ.