ಹುಣಸೆಬೀಜದ ತೋಟಾಗಳು

ಜೂನ್ 14, 2025, ಶನಿವಾರ

ಪಾತ್ರ ವಹಿಸಿ ಆಡುವ ನಮ್ಮ ಮೇಜಿನಾಟದ ಹೊಸ ಕಥಾನಕಕ್ಕೆ ಗೆಳೆಯರು ನಾಲ್ವರೂ ಒಪ್ಪಿದರು. ಕಾಲ 1920ರ ದಶಕ, ಜಾಗ ಕೊಡಗಿನ ಕಾಫಿ ತೋಟಗಳ ನಡುವಿನ ಒಂದು ಊರು, ಜಡಿಮಳೆಯ ದಿನಗಳು. ನಿಯಮಪುಸ್ತಕ ‘ಕಾಲ್ ಆಫ್ ಕ್ಥುಲು’ವಿನ ಏಳನೆಯ ಆವೃತ್ತಿ. ಕಥೆ ನಡೆಸುವ ಕೀಪರ್ ನಾನು. ಪಾತ್ರಗಳು ಇವತ್ತೇ ಸಿದ್ಧವಾದವು: ಜಮ್ಮಾ ಭೂಮಿಯ ಕೊಡವ ಯಜಮಾನ, ಮೈಸೂರಿನಿಂದ ಬಂದ ಶಾಲೆ ಮೇಷ್ಟ್ರು, ಮೆಸೊಪೊಟೇಮಿಯಾದ ಯುದ್ಧ ಮುಗಿಸಿ ಬಂದ ಹಾಸನದ ಕಡೆಯ ಸಿಪಾಯಿ, ಮಡಿಕೇರಿಯ ಡಾಕ್ಟರಮ್ಮ. ಮೇಷ್ಟ್ರ ಪಾತ್ರಕ್ಕೆ ಹೆಸರಿಡುವ ಮೊದಲೇ ಅದನ್ನಾಡುವ ಹುಡುಗ ಕೇಳಿದ: “ನನ್ನ ಹತ್ರ ಯಾವ ಗನ್ ಇರುತ್ತೆ?”

ಕೇಳುವುದು ಸಹಜ. ಇವರೆಲ್ಲ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡಿ ಬಂದವರು. ಅಲ್ಲಿ ಉದ್ದಗತ್ತಿಗೆ ಎಂಟು ಮುಖದ ದಾಳ, ಮಸ್ಕೆಟ್ಟಿಗೆ ಹನ್ನೆರಡು ಮುಖದ್ದು. ಎಂಬತ್ತು ಜೀವಾಂಕದ ವೀರನಿಗೆ ಆರು ಗುಂಡು ಹೊಡೆದು ಆರರಲ್ಲೂ ಹನ್ನೆರಡೇ ಬಿದ್ದರೂ 72 ಆಯಿತು, ಅವನಿನ್ನೂ ನಿಂತಿದ್ದಾನೆ. ಡ್ರ್ಯಾಗನ್ ಎದುರು ನಿಲ್ಲಬೇಕಾದವನಿಗೆ ಅಷ್ಟು ಗಟ್ಟಿ ಜೀವ ಬೇಕು, ಒಪ್ಪಿದೆ. ನಮ್ಮ ಮೇಷ್ಟ್ರಿಗೆ ಇರುವುದು ಹನ್ನೊಂದು ಜೀವಾಂಕ. ಹನ್ನೆರಡು ಬೋರಿನ ತೋಟಾಕೋವಿಯ ಒಂದು ನಳಿಗೆ ಹತ್ತು ಗಜದೊಳಗೆ ಆರು ಮುಖದ ನಾಲ್ಕು ದಾಳ. ಸರಾಸರಿ ಹದಿನಾಲ್ಕು. ಒಂದೇ ಈಡಿಗೆ ಮೇಷ್ಟ್ರು ನೆಲಕ್ಕೆ. ಈ ವ್ಯತ್ಯಾಸವನ್ನು ಬಾಯಲ್ಲಿ ಹೇಳಿದರೆ ಯಾರಿಗೂ ತಟ್ಟುವುದಿಲ್ಲ. ಆಟವೇ ಅದನ್ನು ಮುಟ್ಟಿಸಬೇಕು.

ಜೂನ್ 22, ಭಾನುವಾರ

ಬೆಳಗಿನಿಂದ ಹಳೆಯ ನಿಯಮಪುಸ್ತಕಗಳ ನಡುವೆ. 1986ರ ‘ಫೀನಿಕ್ಸ್ ಕಮಾಂಡ್’ ಮತ್ತೆ ಬಿಡಿಸಿದೆ. ಲೀಡಿಂಗ್ ಎಡ್ಜ್ ಗೇಮ್ಸ್‌ನವರು ಕಾಲವನ್ನು ಎರಡೆರಡು ಸೆಕೆಂಡಿಗೆ ಕತ್ತರಿಸಿ, ಆ ಎರಡು ಸೆಕೆಂಡನ್ನು ಮತ್ತೆ ನಾಲ್ಕು ಹೋಳು ಮಾಡಿದ್ದಾರೆ. ಗುಂಡು ಮೈಯ ಯಾವ ಭಾಗಕ್ಕೆ ತಾಗಿತು, ಎಷ್ಟು ಆಳ ಇಳಿಯಿತು, ಒಳಗೆ ಏನನ್ನು ಸೀಳಿತು, ಎಲ್ಲಕ್ಕೂ ಕೋಷ್ಟಕ. ಅದರ ಹಿಂದಿನ ಶ್ರಮದ ಬಗ್ಗೆ ನನಗೆ ನಿಜವಾದ ಗೌರವವಿದೆ. ಆದರೆ ಕೋಷ್ಟಕಗಳೆಲ್ಲ ಹೆಚ್ಚಾಗಿ ಗುಂಡು ನಳಿಗೆ ಬಿಟ್ಟ ಮೇಲಿನವು. ನನಗೆ ಬೇಕಾದದ್ದು ಅದಕ್ಕೆ ಹಿಂದಿನದು: ಕೋವಿ ಯಾರ ಕೈಲಿದೆ, ಹೇಗೆ ಬಂತು, ಜೇಬಿನಲ್ಲಿ ಎಷ್ಟು ತೋಟಾ ಉಳಿದಿವೆ, ಹೊಡೆದರೆ ಯಾರಿಗೆ ಕೇಳಿಸುತ್ತದೆ. ಮನುಷ್ಯ ಕುದುರೆ ಎಳೆಯುವ ಮುನ್ನ ಯೋಚಿಸುವುದು ಇವನ್ನೇ. ಬಂದೂಕಿನ ವಾಸ್ತವ ಇರುವುದೂ ಇಲ್ಲೇ ಎಂಬುದು ನನ್ನ ನಂಬಿಕೆ.

‘ಗರ್ಪ್ಸ್’ ಸ್ವಲ್ಪ ಹತ್ತಿರ ಬರುತ್ತದೆ. ಅಲ್ಲಿ ಒಂದು ಸರದಿ ಎಂದರೆ ಒಂದು ಸೆಕೆಂಡು. ಗುರಿ ಹಿಡಿಯುವುದಕ್ಕೇ ಒಂದು ಸರದಿ ಪೂರ್ತಿ ಕೊಡಬೇಕು, ಆ ಸೆಕೆಂಡಿನಲ್ಲಿ ಎದುರಿನವನು ಸುಮ್ಮನಿರುವುದಿಲ್ಲ. ಆದರೆ ನನ್ನ ಮನಸ್ಸು ಗೆದ್ದದ್ದು ‘ಟ್ವೈಲೈಟ್: 2000’. ಫ್ರಾಂಕ್ ಚ್ಯಾಡ್ವಿಕ್ 1984ರಲ್ಲಿ ಬರೆದ ಆಟ. ಮೂರನೇ ಮಹಾಯುದ್ಧದ ಕೊನೆಗೆ ಪೋಲೆಂಡಿನಲ್ಲಿ ಸಿಕ್ಕಿಬಿದ್ದ ಸೈನಿಕರ ಕಥೆ. ಅದರ 2021ರ ಸ್ವೀಡಿಷ್ ಆವೃತ್ತಿಯಲ್ಲಿ ಗುಂಡಿಗೆಂದೇ ಬೇರೆ ದಾಳಗಳಿವೆ. ಎಷ್ಟು ದಾಳ ಎಸೆಯುವುದೆಂದು ಆಟಗಾರ ಆರಿಸಿಕೊಳ್ಳುತ್ತಾನೆ, ಬಿದ್ದ ಸಂಖ್ಯೆಗಳ ಮೊತ್ತದಷ್ಟು ಗುಂಡು ಖರ್ಚು. ಹೊಡೆಯುವ ತೀರ್ಮಾನ ಅವನದು, ಎಷ್ಟು ಖಾಲಿಯಾಯಿತು ಎಂಬುದು ಅವನ ಕೈಯಲ್ಲಿಲ್ಲ. ಹೆದರಿದವನ ಕೈಗೆ ಆಟೊಮ್ಯಾಟಿಕ್ ರೈಫಲ್ ಕೊಟ್ಟರೆ ಆಗುವುದು ಹೀಗೇ.

ಆದರೆ ಆ ನಿಯಮ ನಮಗೆ ಒಗ್ಗದು. ನಮ್ಮದು ಜೋಡುನಳಿಗೆಯ ಕಾಲ. ಎರಡು ನಳಿಗೆಯವನಿಗೆ ಲೆಕ್ಕ ತಪ್ಪಲು ಸಾಧ್ಯವೇ ಇಲ್ಲ, ಎರಡು ಎಂದರೆ ಎರಡು. ‘ದಿ ಬ್ಲ್ಯಾಕ್ ಹ್ಯಾಕ್’ ತಂದ ಬಳಕೆಯ ದಾಳವೂ ಬೇಡ. ಪ್ರತಿ ಬಳಕೆಗೆ ಎಸೆದು, ಒಂದೋ ಎರಡೋ ಬಿದ್ದರೆ ಸಣ್ಣ ದಾಳಕ್ಕೆ ಇಳಿಯುವ ಆ ಉಪಾಯ ಬತ್ತಳಿಕೆಯ ಬಾಣಕ್ಕೋ ಪಂಜಿನ ಎಣ್ಣೆಗೋ ಚೆನ್ನ. ತೋಟಾ ಒಂದೊಂದಾಗಿ ಎಣಿಸುವ ವಸ್ತು.

ಜುಲೈ 6, ಭಾನುವಾರ

ಯಾರಿಗೆ ಯಾವ ಕೋವಿ? ಪುಸ್ತಕದಲ್ಲಿ ಇದಕ್ಕೆ ಉತ್ತರವಾಗಿ ಡಾಲರಿನ ಬೆಲೆಪಟ್ಟಿ ಇದೆ. ದುಡ್ಡಿದ್ದರೆ ಕೊಳ್ಳು, ಅಷ್ಟೇ. ಇಂಡಿಯಾದಲ್ಲಿ ಹಾಗಿರಲಿಲ್ಲ. 1857ರ ನಂತರ ಸರ್ಕಾರ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುತ್ತ ಬಂದು, 1878ರ ಆಯುಧ ಕಾಯ್ದೆ ಲೈಸೆನ್ಸನ್ನು ಬಿಗಿ ಮಾಡಿತು. ಕೊಡವರಿಗೆ ಮಾತ್ರ 1861ರಲ್ಲೇ ಮಾರ್ಕ್ ಕಬ್ಬನ್ ವಿನಾಯಿತಿ ಕೊಟ್ಟಿದ್ದ. ಅದು ಇವತ್ತಿಗೂ ನಡೆದುಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟು ಎತ್ತಿಹಿಡಿಯಿತು.

ಹಾಗಾಗಿ ನಮ್ಮ ಮೇಜಿನ ಮೇಲೆ ಯಜಮಾನನ ಬಳಿ ಜೋಡುನಳಿಗೆ ಇದೆ, ಕೇಳುವವರಿಲ್ಲ. ಮೇಷ್ಟ್ರಿಗೆ ಲೈಸೆನ್ಸ್ ಬೇಕು, ಅವರ ಸಂಬಳಕ್ಕೆ ಕೋವಿ ದೂರದ ಮಾತು. ಡಾಕ್ಟರಮ್ಮನಿಗೆ ಅರ್ಜಿ ಹಾಕುವ ಸ್ಥಾನಬಲ ಇದೆ, ಹೊಡೆದು ಅಭ್ಯಾಸವಿಲ್ಲ. ಸಿಪಾಯಿಯ ಪಾತ್ರಧಾರಿ .303 ಕೇಳಿದಳು. ಸಿಗದು ಎಂದೆ. ಸೈನ್ಯದ ತೋಟಾ ಹೋಗುವ ರೈಫಲ್ ಖಾಸಗಿಯವರ ಕೈ ಸೇರಬಾರದೆಂಬುದು ಸರ್ಕಾರದ ದೊಡ್ಡ ಭಯ. ಶಿಕಾರಿಯ .450 ರೈಫಲ್ಲನ್ನೂ 1907ರಲ್ಲಿ ಇದೇ ಕಾರಣಕ್ಕೆ ಇಂಡಿಯಾದೊಳಗೆ ಬಿಡದೆ ನಿಲ್ಲಿಸಿದರು. ಇಂಗ್ಲೆಂಡಿನ ಕೋವಿ ತಯಾರಕರು .465, .470 ಎಂದು ಹೊಸ ಅಳತೆಗಳನ್ನು ಹುಟ್ಟಿಸಿದ್ದು ಆಗಲೇ.

ಹೀಗೆ, ಮೇಜಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಂದೂಕು ಬಲ್ಲವಳ ಕೈ ಖಾಲಿ. ನಿಮಿಷಕ್ಕೆ ಹದಿನೈದು ಗುಂಡು ಗುರಿಯಿಟ್ಟು ಹೊಡೆಯುವ ತಾಲೀಮು ಪಡೆದ ಸಿಪಾಯಿ ಅದು. ಐದರ ಕ್ಲಿಪ್ಪನ್ನು ಹೆಬ್ಬೆರಳಿನಿಂದ ಒತ್ತಿ ಮ್ಯಾಗಜಿನ್ನಿಗೆ ಇಳಿಸುವುದು, ಮತ್ತೆ ಐದು, ಕಣ್ಣು ಮುಚ್ಚಿಯೂ ಆದೀತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಹಾಗಾದ್ರೆ ಯಜಮಾನ್ರು ನನ್ನ ಕೈಗೆ ಕೋವಿ ಕೊಟ್ರೆ?” ಕೊಟ್ಟದ್ದನ್ನು ಸಬ್ ಇನ್ಸ್‌ಪೆಕ್ಟರ್ ನೋಡಿದರೆ ಇಬ್ಬರಿಗೂ ಕೇಸು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದು ದಾಳವೂ ಉರುಳಿರಲಿಲ್ಲ, ಆಟ ಶುರುವಾಗಿತ್ತು.

ಜುಲೈ 20, ಭಾನುವಾರ

ಮೊದಲ ಬೈಠಕ್. ತೋಟಾಗಳಿಗೆ ಹುಣಸೆಬೀಜ ಇಟ್ಟೆವು, ಅಳಗುಳಿಮಣೆಯ ಡಬ್ಬಿಯಿಂದ ತೆಗೆದದ್ದು. ಯಜಮಾನನ ಮುಂದೆ ಹತ್ತು ಬೀಜ. ಎರಡು ಸದಾ ಬೇರೆ ಇರಬೇಕು, ಅವು ನಳಿಗೆಯಲ್ಲಿರುವವು. ಹೊಡೆದರೆ ಬೀಜವನ್ನು ನನ್ನ ಹಿತ್ತಾಳೆ ಬಟ್ಟಲಿಗೆ ಹಾಕಬೇಕು. ನಳಿಗೆ ಮುರಿದು, ಖಾಲಿ ತೋಟಾ ಎಳೆದು, ಹೊಸದೆರಡು ತುಂಬಲು ಒಂದು ಸರದಿ.

ಕಾಗದದ ಮೇಲೆ ಸಂಖ್ಯೆ ಅಳಿಸಿ ಬರೆಯುವಾಗ ಯಾರಿಗೂ ಏನೂ ಅನ್ನಿಸುವುದಿಲ್ಲ. ಬೀಜವನ್ನು ಬೆರಳಿನಿಂದ ಎತ್ತಿ ಇನ್ನೊಬ್ಬರ ಬಟ್ಟಲಿಗೆ ಹಾಕುವಾಗ ಕೈ ತಡೆಯುತ್ತದೆ. ಏಲಕ್ಕಿ ಕಾಡಿನೊಳಗೆ ಏನೋ ಸದ್ದಾದಾಗ, ಹಿಂದಿನ ಆಟಗಳಲ್ಲಿ ಕತ್ತಲಿಗೆಲ್ಲ ಗುಂಡು ಹಾರಿಸುತ್ತಿದ್ದ ಯಜಮಾನನ ಪಾತ್ರಧಾರಿ ಬೀಜಗಳ ಮೇಲೆ ಅಂಗೈ ಮುಚ್ಚಿ ಹೇಳಿದ: “ಕಾಯ್ತೀನಿ. ಹತ್ತಿರ ಬರಲಿ.”

ಸರಿಯಾಗೇ ಹೇಳಿದ. ಪುಸ್ತಕದ ಪ್ರಕಾರ ಆ ಕೋವಿ ಹತ್ತು ಗಜದಾಚೆ ನಾಲ್ಕು ದಾಳದಿಂದ ಎರಡಕ್ಕೆ ಇಳಿಯುತ್ತದೆ, ಇಪ್ಪತ್ತರಾಚೆ ಒಂದಕ್ಕೆ. ಶಿಕಾರಿ ಬಲ್ಲವರು ಇದಕ್ಕೆ ತಕರಾರು ತೆಗೆಯಬಹುದು. ಎಸ್‌ಜಿ ತೋಟಾದಲ್ಲಿ ಎಂಟೊಂಬತ್ತು ದಪ್ಪ ಚರೆಗಳಿರುತ್ತವೆ, ಮೂವತ್ತು ಗಜದಲ್ಲೂ ಕಾಡುಹಂದಿ ಬಿದ್ದದ್ದಿದೆ. ಚರೆ ಹರಡುವುದು ಅಂದಾಜು ಗಜಕ್ಕೆ ಒಂದಂಗುಲ, ಅದೂ ನಳಿಗೆಯ ಬಾಯಿ ಎಷ್ಟು ಬಿಗಿ ಎಂಬುದರ ಮೇಲೆ. ಆದರೂ ಪುಸ್ತಕದ ನಿಯಮ ಮುಟ್ಟುವುದಿಲ್ಲ ನಾನು. ಹತ್ತಿರ ಬರಲಿ ಎಂದು ಕಾಯುವವನ ಎದೆಬಡಿತ ಆ ನಿಯಮದಿಂದ ಹುಟ್ಟುತ್ತದೆ. ಚರೆಗಳ ಲೆಕ್ಕ ಇನ್ನಷ್ಟು ಸರಿಮಾಡಿ ಆ ಕಾಯುವಿಕೆಯನ್ನು ಕಳೆದುಕೊಂಡರೆ ವಾಸ್ತವ ಹೆಚ್ಚಿದಂತಾಗುವುದಿಲ್ಲ.

ಆಗಸ್ಟ್ 3, ಭಾನುವಾರ

ಕೊನೆಗೂ ಯಜಮಾನ ಮನೆಯ ಹಳೆಯ ಕೇಪಿನ ಕೋವಿಯನ್ನು ಸಿಪಾಯಿಗೆ ಕೊಟ್ಟ. ಹೊರಗೆ ನಿಜವಾದ ಮಳೆ, ಕಥೆಯಲ್ಲೂ ಮಳೆ.

ಈ ಕೋವಿಗೆ ನಾನು ಬರೆದ ನಿಯಮ ಒಂದೇ: ತುಂಬುವ ಪ್ರತಿ ಹೆಜ್ಜೆಗೂ ಒಂದು ಸರದಿ, ಪ್ರತಿಯೊಂದನ್ನೂ ಬಾಯಿಬಿಟ್ಟು ಹೇಳಬೇಕು. ಮೊದಲ ಈಡು ಹಾರಿ ಹೊಗೆ ಕವಿಯಿತು. ಕರಿಮದ್ದಿನ ಹೊಗೆ ಬಿಳಿಯ ಗೋಡೆಯಂತೆ ಎದುರು ನಿಲ್ಲುತ್ತದೆ, ತಾಗಿತೋ ಇಲ್ಲವೋ ಹೊಡೆದವರಿಗೇ ಕಾಣುವುದಿಲ್ಲ. ನಾನೂ ಹೇಳಲಿಲ್ಲ. ಅವಳು ಶುರು ಮಾಡಿದಳು. “ಮದ್ದು ಅಳೆದು ಸುರೀತೀನಿ.” ಡಾಕ್ಟರಮ್ಮನ ಸರದಿ, ಮೇಷ್ಟ್ರ ಸರದಿ, ಪೊದೆಯಲ್ಲಿ ರೆಂಬೆ ಮುರಿದ ಸದ್ದು. “ನಾರು ತುರುಕಿ ಗಜದಿಂದ ಜಡೀತೀನಿ.” ಸದ್ದು ಎಡಕ್ಕೆ ತಿರುಗಿತು. “ಚರೆ.” “ಮೇಲೆ ಇನ್ನೊಂದು ನಾರು, ಮತ್ತೆ ಗಜ.” ಮೇಷ್ಟ್ರು ಓಡಿಹೋಗೋಣ ಎಂದು ಅವಳ ತೋಳು ಹಿಡಿದ, ಕಥೆಯಲ್ಲೂ ಮೇಜಿನಲ್ಲೂ. “ಕುದುರೆ ಎತ್ತಿ ಕೇಪು ಇಡ್ತೀನಿ.” ಧ್ವನಿ ನಡುಗುತ್ತಿತ್ತು. ಈ ಕೆಲಸ ನಿಜದಲ್ಲಿ ಅರ್ಧ ನಿಮಿಷಕ್ಕಿಂತ ಬೇಗ ಮುಗಿಯದು. ಹದಿನೆಂಟನೇ ಶತಮಾನದ ಕವಾಯತು ಕಲಿತ ಸೈನಿಕರು ಕಾಗದದ ತೋಟಾ ಹಲ್ಲಲ್ಲಿ ಹರಿದು ನಿಮಿಷಕ್ಕೆ ಮೂರು ಈಡು ಹಾಕುತ್ತಿದ್ದರು, ಅದು ಒಣನೆಲದ ಲೆಕ್ಕ.

ಗುರಿ ಹಿಡಿದು ಎಳೆದಳು. ಮದ್ದು ತೇವ ಹೀರುವ ವಸ್ತು, ಅದಕ್ಕಾಗಿ ಮಳೆಯಲ್ಲಿ ನಾನು ಕೆಡುವ ಅಂಕವನ್ನು 80ಕ್ಕೆ ಇಳಿಸಿದ್ದೆ. ಪುಸ್ತಕದಲ್ಲಿ ಒಳ್ಳೆಯ ಕೋವಿಗೆ ಅದು 100. ಶತದಾಳದಲ್ಲಿ ಆ ಅಂಕ ಅಥವಾ ಮೇಲೆ ಬಿದ್ದರೆ ಕೋವಿ ಕೈಕೊಡುತ್ತದೆ. ಬಿದ್ದದ್ದು 84. ಕೇಪು ಚಟ್ ಎಂದಿತು, ಈಡು ಹಾರಲಿಲ್ಲ.

ನಾಲ್ವರೂ ಎದ್ದು ನಿಂತಿದ್ದರು.

ಆಗಸ್ಟ್ 17, ಭಾನುವಾರ

ಯಜಮಾನನ ಪಾತ್ರಧಾರಿಗೆ ಬೇಸರ. ಎಂಟು ಗಜದಿಂದ ಹೊಡೆದೂ ತಪ್ಪಿತು, ಇದೆಂಥ ವಾಸ್ತವ ಎಂದು ವಾದಿಸಿದ. ರ‍್ಯಾಂಡ್ ಸಂಸ್ಥೆ ನ್ಯೂಯಾರ್ಕ್ ಪೊಲೀಸರ ಬಗ್ಗೆ 2008ರಲ್ಲಿ ಪ್ರಕಟಿಸಿದ ವರದಿಯ ಅಂಕಿ ತೋರಿಸಿದೆ. ಎದುರಿನವನೂ ಗುಂಡು ಹಾರಿಸುತ್ತಿದ್ದಾಗ ಅವರ ಗುಂಡುಗಳಲ್ಲಿ ಗುರಿ ಮುಟ್ಟಿದ್ದು ನೂರಕ್ಕೆ 18. ಹಾರಿಸದಿದ್ದಾಗ 30. ತರಬೇತಾದವರು, ಹೆಚ್ಚಿನವು ಹತ್ತಿರದ ಗುರಿಗಳು. ಅವನು ಓದಿ ಮೊಬೈಲು ಹಿಂದಿರುಗಿಸಿದ, ಮುಂದೆ ವಾದಿಸಲಿಲ್ಲ.

ಇನ್ನೊಂದು ನಿಯಮ ಸೇರಿತು. ಮುಚ್ಚಿದ ಕೋಣೆಯಲ್ಲಿ ಕೋವಿ ಹಾರಿದರೆ ಮುಂದಿನ ಕೆಲವು ನಿಮಿಷ ಒಳಗಿದ್ದವರೆಲ್ಲರಿಗೂ ಕೇಳುವ ಸಾಮರ್ಥ್ಯ ಅರ್ಧ. ಸಿನಿಮಾದವರು ಬಿಟ್ಟೇಬಿಡುವ ಸಂಗತಿ ಇದು. ನಾನು ತುಟಿ ಮಾತ್ರ ಆಡಿಸಿ ಮಾತಾಡಿದೆ, ಅವರು ಊಹಿಸಬೇಕಾಯಿತು.

ಸೆಪ್ಟೆಂಬರ್ 3, ಬುಧವಾರ

ಇವತ್ತು ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್. ಯಜಮಾನನ ಪಾತ್ರಧಾರಿ ನಿಜಕ್ಕೂ ಕೊಡಗಿನವನು, ಊರಿಗೆ ಹೋಗಿದ್ದಾನೆ. ರಾತ್ರಿ ಫೋನು ಮಾಡಿದ್ದ. ಕೋವಿಗಳನ್ನು ದೇವರಕೋಣೆಯಲ್ಲಿಟ್ಟು, ನಳಿಗೆಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡಿದರಂತೆ. ಕೆಂಪು ಹಳದಿ ಎಸಳಿನ ಆ ಹೂವನ್ನು ನಾನೂ ನೋಡಿದ್ದೇನೆ. ನಾಟಿ ಕೆಲಸದ ದಿನಗಳಲ್ಲಿ ಕೋವಿ ಮುಟ್ಟುವಂತಿರಲಿಲ್ಲವಂತೆ, ಇವತ್ತು ಈಚೆ ಬರುತ್ತದೆ. ಆಮೇಲೆ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಗುರಿ ಹೊಡೆಯುವ ಪಂದ್ಯ.

ಮಾತಿನ ನಡುವೆ ಹೇಳಿದ: ಗಂಡುಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಒಂದರ ಹಿಂದೊಂದು ಎರಡು. ಗುಡ್ಡದಾಚೆ ಎರಡು ಈಡು ಕೇಳಿಸಿದರೆ ನೆರೆಯವರು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡುತ್ತಾರೆ. ಫೋನು ಇಟ್ಟವನೇ ಇದನ್ನು ದೊಡ್ಡಕ್ಷರದಲ್ಲಿ ಬರೆದುಕೊಂಡೆ. ಎಷ್ಟೋ ನಿಯಮಪುಸ್ತಕ ಓದಿದ್ದೇನೆ, ಕೋವಿಯ ಸದ್ದಿಗೆ ಊರು ಕೊಡುವ ಅರ್ಥಕ್ಕೆ ಯಾವ ಕೋಷ್ಟಕದಲ್ಲೂ ಅಂಕಣವಿಲ್ಲ.

ಸೆಪ್ಟೆಂಬರ್ 7, ಭಾನುವಾರ

ರಾತ್ರಿ ಹತ್ತರ ಹೊತ್ತಿಗೆ ಚಂದ್ರಗ್ರಹಣ ಹಿಡಿಯುವುದರಿಂದ ಬೇಗ ಮುಗಿಸಬೇಕೆಂದು ಇಬ್ಬರು ಮೊದಲೇ ಹೇಳಿದ್ದರು. ಐದಕ್ಕೇ ಕೂತೆವು.

ಬಂಗಲೆಯ ಹಿಂಬಾಗಿಲು ಮುರಿಯಿತು. ಯಜಮಾನ ಕಾದ, ಆರು ಗಜದವರೆಗೂ ಕಾದ. ಎರಡೂ ನಳಿಗೆ ಒಂದರ ಹಿಂದೊಂದು. ಎರಡು ಬೀಜ ಬಟ್ಟಲಿಗೆ ಬಿದ್ದವು. ದಾಳಗಳು ಇಪ್ಪತ್ತೊಂಬತ್ತು ತೋರಿಸಿದವು, ಬಂದದ್ದು ಹೊಸ್ತಿಲಲ್ಲೇ ಬಿತ್ತು. ಎಲ್ಲರೂ ಕೂಗಾಡಿ ಕೈ ಕುಲುಕಿಕೊಂಡರು. ನಾನು ಏನೂ ಹೇಳದೆ ಕಾಲ ಓಡಿಸಿದೆ. ಕಥೆಯ ಅರ್ಧ ಗಂಟೆ ಕಳೆದ ಮೇಲೆ ಇಳಿಜಾರಿನಲ್ಲಿ ಸೂಟೆಗಳ ಬೆಳಕು ಕಾಣಿಸುತ್ತಿದೆ ಎಂದೆ. ಒಂದಲ್ಲ, ಹತ್ತಾರು. ಮೇಷ್ಟ್ರಿಗೆ ಅರ್ಥವಾಗಲಿಲ್ಲ. ಯಜಮಾನನ ಮುಖದಿಂದ ನಗು ಇಳಿಯಿತು. “ನಾನು ಎರಡು ಹೊಡೆದೆ. ಅವರು ಸಾವಿಗೆ ಬರ್ತಿದ್ದಾರೆ.”

ಹೊಸ್ತಿಲಲ್ಲಿ ಬಿದ್ದಿರುವುದನ್ನು ಊರವರು ನೋಡಬಾರದು. ಕೇಪಿನ ಕೋವಿ ಇನ್ನೂ ಸಿಪಾಯಿಯ ಹೆಗಲಲ್ಲಿದೆ. ಸತ್ತವರು ಯಾರೆಂದು ಮೊದಲು ಬಂದವರು ಕೇಳಿಯೇ ಕೇಳುತ್ತಾರೆ, ಹೇಳಲು ಒಂದು ಹೆಸರು ಬೇಕು. ಮುಂದಿನ ಒಂದು ಗಂಟೆ ಯಾರೂ ದಾಳ ಮುಟ್ಟಲಿಲ್ಲ. ಪಿಸುಮಾತಿನ ವಾಗ್ವಾದ, ಸುಳ್ಳಿನ ಮೇಲೆ ಸುಳ್ಳು ಕಟ್ಟುವ ಕೆಲಸ, ಡಾಕ್ಟರಮ್ಮ ಸುಳ್ಳು ಮರಣಪತ್ರ ಬರೆಯಲಾರೆ ಎಂದು ಹಟ ಹಿಡಿದದ್ದು. ಇಷ್ಟು ದಿನದ ಆಟದಲ್ಲಿ ಇದಕ್ಕಿಂತ ಒಳ್ಳೆಯ ಗಂಟೆ ನಾನು ನಡೆಸಿಲ್ಲ.

ಯಜಮಾನನ ಬಳಿ ಈಗ ಮೂರು ಬೀಜ. ಮುಂದಿನ ಬೈಠಕ್ಕಿಗೆ ಮಡಿಕೇರಿಯ ತೋಟಾ ಅಂಗಡಿಯವನ ಪಾತ್ರ ಬರೆಯಬೇಕು. ಯಾರು ಎಷ್ಟು ಕೊಂಡರೆಂದು ಅವನು ಲೆಡ್ಜರಿನಲ್ಲಿ ಬರೆದಿಡುತ್ತಾನೆ, ಸಬ್ ಇನ್ಸ್‌ಪೆಕ್ಟರ್ ಅದನ್ನು ತಿರುವಿ ನೋಡುತ್ತಾನೆ. ಡಾಕ್ಟರಮ್ಮನ ಲೈಸೆನ್ಸ್ ಅರ್ಜಿ ಮಂಜೂರಾಗಿದೆ ಎಂದೂ ಹೇಳಬೇಕು. ಅವಳಿಗೆ ಎಷ್ಟು ಬೀಜ ಕೊಡುವುದೆಂದು ಇನ್ನೂ ತೀರ್ಮಾನಿಸಿಲ್ಲ. ಐದಕ್ಕಿಂತ ಹೆಚ್ಚು ಬೇಡ.