‘ಸಬ್ಮಿಟ್’ ಒತ್ತಿದ ಮೇಲೆ

ಸಬ್ಮಿಟ್ ಒತ್ತಿದ ಮೇಲೆ ಒಳಗೆ ಏನು ನಡೆಯುತ್ತದೆ ಅಂತ ನಮ್ಮಲ್ಲಿ ಹೆಚ್ಚಿನವರು ಯೋಚಿಸುವುದಿಲ್ಲ. ಒಂದು ಚಕ್ರ ತಿರುಗುತ್ತದೆ. ಹಸಿರು ಟಿಕ್ ಬಂದರೆ ನಿರಾಳ, ಕೆಂಪು ಅಕ್ಷರ ಬಂದರೆ ಕಿರಿಕಿರಿ. ಬೆಂಗಳೂರಿನಲ್ಲಿ ನನ್ನ ಕೆಲಸ ಇರುವುದು ಆ ಚಕ್ರ ತಿರುಗುವ ಹೊತ್ತಿನಲ್ಲಿ. ನೀವು ತುಂಬಿದ ಫಾರ್ಮ್ ಸರ್ವರ್‌ಗೆ ಬಂದಾಗ ಅದನ್ನು ಬಿಚ್ಚಿ, ಪರೀಕ್ಷಿಸಿ, ಡೇಟಾಬೇಸ್‌ಗೆ ಸೇರಿಸುವ ಕೋಡ್ ಬರೆಯುತ್ತೇನೆ. ನಮ್ಮ ಫೀಲ್ಡ್‌ನಲ್ಲಿ ಇದು ದೊಡ್ಡ ಕೆಲಸವೇನಲ್ಲ. ಹೊಸದಾಗಿ ಸೇರಿದ ಹುಡುಗರಿಗೆ ಮೊದಲು ಕೊಡುವುದೇ ಇದನ್ನು. ಆದರೆ ಊರಿನ ಕಡೆಯಿಂದ ಬರುವ ಫೋನುಗಳನ್ನು ಕೇಳಿದ ಮೇಲೆ, ಇದು ಸಣ್ಣ ಕೆಲಸ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ನಮ್ಮೂರು ಬೈಲಹೊಂಗಲ ತಾಲೂಕಿನ ಸಂಪಗಾಂವ. ಹೋದ ವರ್ಷ ನಮ್ಮ ಚಿಗವ್ವ ಮಗಳ ವಿದ್ಯಾರ್ಥಿವೇತನದ ಅರ್ಜಿ ಹಾಕಲು ಬೈಲಹೊಂಗಲದ ಕಂಪ್ಯೂಟರ್ ಸೆಂಟರಿಗೆ ಹೋಗಿದ್ದಳು. ಎಲ್ಲ ತುಂಬಿ ಸಬ್ಮಿಟ್ ಒತ್ತಿದರೆ ‘ಇನ್‌ವ್ಯಾಲಿಡ್ ಇನ್‌ಪುಟ್’ ಅಂತ ಎರಡೇ ಶಬ್ದ ಬಂತು. ಜೊತೆಗೆ ತುಂಬಿದ್ದೆಲ್ಲ ಅಳಿಸಿಹೋಯಿತು. ಮರುದಿನವೂ ಅದೇ ಕತೆ. ನನಗೆ ಫೋನ್ ಹಚ್ಚಿದಳು.

“ತಪ್ಪ ಐತಿ ಅಂತೈತಿ, ಏನ್ ತಪ್ಪ ಅಂತ ಹೇಳವಲ್ದು ನೋಡಪಾ. ಬಸ್ಸೇನೋ ಪುಕ್ಕಟೆ, ಎರಡ ದಿನದ ಪಗಾರ ಹೋತಲ್ಲ.”

ಕೊನೆಯ ದಿನಾಂಕಕ್ಕೆ ಇನ್ನು ಎರಡೇ ದಿನ ಉಳಿದಿತ್ತು. ವಿಡಿಯೊ ಕಾಲ್‌ನಲ್ಲಿ ಪರದೆ ತೋರಿಸಲು ಹೇಳಿದೆ. ಆಧಾರ್ ಕಾರ್ಡಿನಲ್ಲಿ ಸಂಖ್ಯೆ ಹೇಗೆ ಮುದ್ರಣವಾಗಿದೆಯೋ ಹಾಗೇ ನಾಲ್ಕು ನಾಲ್ಕು ಅಂಕಿಗೊಮ್ಮೆ ಜಾಗ ಬಿಟ್ಟು ಟೈಪ್ ಮಾಡಿದ್ದರು. ಅಂಕಿ 12, ನಡುವಿನ ಖಾಲಿ ಜಾಗ 2, ಒಟ್ಟು 14. ಆ ಡಬ್ಬಿ ಹಿಡಿಯುತ್ತಿದ್ದುದು 12 ಅಕ್ಷರ ಮಾತ್ರ. ಕೊನೆಯ ಎರಡು ಅಂಕಿ ಒಳಗೆ ಹೋಗಲೇ ಇಲ್ಲ. ಜಾಗ ಬಿಡದೆ ಟೈಪ್ ಮಾಡಿದ ಕೂಡಲೇ ಅರ್ಜಿ ಹೋಯಿತು. ಕಾರ್ಡಿನಲ್ಲಿ ಇದ್ದದ್ದನ್ನು ಇದ್ದಹಾಗೆ ಬರೆದದ್ದು ತಪ್ಪು ಹೇಗಾಗುತ್ತದೆ? ಖಾಲಿ ಜಾಗ ತೆಗೆದುಹಾಕಲು ಸರ್ವರ್‌ನಲ್ಲಿ ಒಂದು ಸಾಲು ಕೋಡ್ ಸಾಕು. ಅದನ್ನು ಯಾರೋ ಬರೆದಿರಲಿಲ್ಲ, ಅಷ್ಟೇ.

ಹಾಗಂತ ಸರ್ವರ್ ಬಂದದ್ದನ್ನೆಲ್ಲ ಕಣ್ಣುಮುಚ್ಚಿ ನಂಬಬೇಕು ಅಂತಲ್ಲ. ನಮ್ಮ ಕೆಲಸದ ಮೊದಲ ಪಾಠವೇ ನಂಬಬೇಡ ಅನ್ನುವುದು. ಫೋನಿನ ಬ್ರೌಸರ್ ಮಾಡುವ ತಪಾಸಣೆ ಬರೀ ಬಳಸುವವರ ಅನುಕೂಲಕ್ಕೆ. ಬೇಕೆಂದವರು ಬ್ರೌಸರನ್ನೇ ಬಿಟ್ಟು ಸರ್ವರ್‌ಗೆ ನೇರವಾಗಿ ಏನನ್ನಾದರೂ ಕಳಿಸಬಹುದು, ಫಾರ್ಮಿನಲ್ಲಿ ಅಡಗಿಸಿಟ್ಟ ಮೊತ್ತವನ್ನೂ ಬದಲಿಸಬಹುದು. ಹಾಗಾಗಿ ನಿಜವಾದ ತಪಾಸಣೆ ಸರ್ವರ್‌ನಲ್ಲೇ ಆಗಬೇಕು. ಈ ಪಾಠ ಕಲಿಯಲು ಜಗತ್ತಿಗೂ ಸಮಯ ಹಿಡಿಯಿತು. 1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಬಿಡುಗಡೆ ಮಾಡಿದ ಪಿಎಚ್‌ಪಿ ಮೊದಮೊದಲು ‘ಪಿಎಚ್‌ಪಿ/ಎಫ್‌ಐ’ ಆಗಿತ್ತು. ಎಫ್‌ಐ ಅಂದರೆ ಫಾರ್ಮ್ಸ್ ಇಂಟರ್‌ಪ್ರಿಟರ್. ಫಾರ್ಮಿನಲ್ಲಿ ತುಂಬಿದ್ದು ತಾನಾಗಿಯೇ ಪ್ರೋಗ್ರಾಂನ ವೇರಿಯಬಲ್ ಆಗಿಬಿಡುವ ಸೌಲಭ್ಯ ಅದರಲ್ಲಿತ್ತು. ಸುಲಭ ನಿಜ, ಆದರೆ ಹೊರಗಿನವರು ಒಳಗೆ ಕೈಹಾಕುವ ದಾರಿಯೂ ಅದೇ ಆಯಿತು. ಕೊನೆಗೆ 2012ರಲ್ಲಿ, ಪಿಎಚ್‌ಪಿ 5.4ರಲ್ಲಿ, ಅದನ್ನು ಪೂರ್ತಿ ತೆಗೆದುಹಾಕಿದರು.

ಅನುಮಾನ ಬೇಕು, ಸರಿ. ಆದರೆ ಅದು ಬಂದ ಅಕ್ಷರಗಳ ಮೇಲಿರಬೇಕು, ಅರ್ಜಿ ಹಾಕಿದವರ ಮೇಲಲ್ಲ. ಈ ವ್ಯತ್ಯಾಸ ತಿಳಿಯದ ಕಡೆ ನಮ್ಮಂಥವರ ಹೆಸರೇ ತಪ್ಪಾಗಿಬಿಡುತ್ತದೆ.

ಡಿಸೋಜಾ ಅನ್ನುವ ಹೆಸರನ್ನೇ ತಗೊಳ್ಳಿ. ಇಂಗ್ಲಿಷಿನಲ್ಲಿ ಬರೆಯುವಾಗ ಅದರಲ್ಲೊಂದು ಅಪಾಸ್ಟ್ರಫಿ ಬರುತ್ತದೆ. ಡೇಟಾಬೇಸ್‌ಗೆ ಕನ್ನ ಹಾಕುವವರು ಬಳಸುವುದೂ ಅದೇ ಗುರುತನ್ನು. ಆ ಹೆದರಿಕೆಗೆ ಎಷ್ಟೋ ಫಾರ್ಮುಗಳು ಅಪಾಸ್ಟ್ರಫಿ ಕಂಡರೆ ತಿರಸ್ಕರಿಸುತ್ತವೆ. ‘ಪ್ರಿಪೇರ್ಡ್ ಸ್ಟೇಟ್‌ಮೆಂಟ್’ ಬಳಸಿದರೆ ಸರ್ವರ್ ಹೆಸರನ್ನು ಹೆಸರಾಗಿಯೇ ನೋಡುತ್ತದೆ, ಆಜ್ಞೆ ಅಂತ ತಿಳಿಯುವುದಿಲ್ಲ. ಕಳ್ಳನೂ ಒಳಗೆ ಬರುವುದಿಲ್ಲ, ಡಿಸೋಜಾ ಅವರೂ ಹೊರಗೆ ನಿಲ್ಲುವುದಿಲ್ಲ.

ನಮ್ಮ ಕಡೆ ಹೆಸರು, ತಂದೆ ಹೆಸರು, ಅಡ್ಡಹೆಸರು ಅಂತ ಮೂರು ಭಾಗ. ಮೈಸೂರು ಕಡೆ ಹೆಸರಿನ ಜೊತೆ ಇನಿಷಿಯಲ್, ಅದರ ಮುಂದೊಂದು ಚುಕ್ಕಿ. ಕೆಲವರಿಗೆ ಇರುವುದೇ ಒಂದು ಹೆಸರು. ‘ಲಾಸ್ಟ್ ನೇಮ್ ಕಡ್ಡಾಯ, ಚುಕ್ಕಿ ಹಾಕಬಾರದು’ ಅನ್ನುವ ಫಾರ್ಮ್ ಇವರಲ್ಲಿ ಅರ್ಧ ಜನರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ.

ಇನ್ನು ನಮ್ಮೂರ ಹೆಸರು. ‘ಸಂಪಗಾಂವ’ ಕಣ್ಣಿಗೆ ನಾಲ್ಕೇ ಅಕ್ಷರ. ಯೂನಿಕೋಡ್‌ನಲ್ಲಿ 7 ಸಂಕೇತ. ಯುಟಿಎಫ್-8 ರೂಪದಲ್ಲಿ ಸರ್ವರ್‌ಗೆ ಹೋಗುವಾಗ ಒಂದೊಂದಕ್ಕೂ 3 ಬೈಟ್‌ನಂತೆ 21 ಬೈಟ್. ಇಂಗ್ಲಿಷನ್ನೇ ತಲೆಯಲ್ಲಿಟ್ಟುಕೊಂಡು ಯಾರಾದರೂ 20 ಬೈಟ್‌ಗೆ ಕತ್ತರಿ ಹಾಕಿದರೆ ಕೊನೆಯ ‘ವ’ ಮುರಿದು ಬೀಳುತ್ತದೆ. ಬೈಲಹೊಂಗಲವನ್ನು ಇಂಗ್ಲಿಷಿನಲ್ಲಿ ಕೆಲವೆಡೆ ನಡುವೆ ಗೆರೆ ಹಾಕಿ ಬರೆಯುತ್ತಾರೆ, ಕೆಲವೆಡೆ ಕೂಡಿಸಿ ಬರೆಯುತ್ತಾರೆ. ಕಿತ್ತೂರು ಬೇರೆ ತಾಲೂಕಾದ ಮೇಲೆ ಅಲ್ಲಿನ ಹಳ್ಳಿಗಳವರು ಹಳೆಯ ಫಾರ್ಮುಗಳಲ್ಲಿ ತಮ್ಮ ಊರನ್ನು ಯಾವ ತಾಲೂಕಿನ ಕೆಳಗೆ ಹುಡುಕಬೇಕು? ಬೆಳಗಾವಿಯ ಇಂಗ್ಲಿಷ್ ಹೆಸರು ಬದಲಾದದ್ದು 2014ರ ನವೆಂಬರ್ 1ಕ್ಕೆ. ಹಳೆಯ ದಾಖಲೆಗೂ ಹೊಸ ಫಾರ್ಮಿಗೂ ತಾಳೆ ಹಾಕುವ ಹೊಣೆ ಕೋಡಿನದು, ಚಿಗವ್ವನದಲ್ಲ.

ಒಳ್ಳೆಯ ತಪಾಸಣೆ ತಪ್ಪು ಎಲ್ಲಿದೆ ಅಂತ ಬೆರಳು ತೋರಿಸುತ್ತದೆ. ಐಎಫ್‌ಎಸ್‌ಸಿ ಕೋಡಿನ 11 ಅಕ್ಷರಗಳಲ್ಲಿ ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ಇಂಗ್ಲಿಷಿನ ‘ಓ’ ಬಂದರೆ “ಇಲ್ಲಿ ಸೊನ್ನೆ ಇರಬೇಕು” ಅಂತ ಸರ್ವರ್ ಹೇಳಬಹುದು. ಆಧಾರ್‌ನ ಕೊನೆಯ ಅಂಕಿ ಉಳಿದ 11 ಅಂಕಿಗಳ ಲೆಕ್ಕದಿಂದ ಬರುತ್ತದೆ. ಡಚ್ ಗಣಿತಜ್ಞ ವೆರ್ಹೂಫ್ 1969ರಲ್ಲಿ ಪ್ರಕಟಿಸಿದ ವಿಧಾನ ಅದು. ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಅಲ್ಲೇ ಸಿಕ್ಕಿಬೀಳುತ್ತದೆ. “ಆಧಾರ್ ಸಂಖ್ಯೆಯನ್ನು ಇನ್ನೊಮ್ಮೆ ನೋಡಿ” ಅಂತ ಕನ್ನಡದಲ್ಲಿ ಹೇಳಿ, ಉಳಿದ ಡಬ್ಬಿಗಳನ್ನು ತುಂಬಿದ ಹಾಗೇ ಇಟ್ಟರೆ ಒಬ್ಬರ ಒಂದು ದಿನದ ಪಗಾರ ಉಳಿಯುತ್ತದೆ.

ಹಳ್ಳಿಯ ನೆಟ್‌ವರ್ಕ್ ನಿಮಗೆ ಗೊತ್ತೇ ಇದೆ. ಚಕ್ರ ತಿರುಗುತ್ತಲೇ ಇದ್ದರೆ ಜನ ಇನ್ನೊಮ್ಮೆ ಒತ್ತುತ್ತಾರೆ. ಆಗ ಎರಡು ಅರ್ಜಿ, ಕೆಲವೊಮ್ಮೆ ಎರಡು ಸಲ ಶುಲ್ಕ. ಇದಕ್ಕೆ ಉಪಾಯ ಹಳೆಯದು. ಪ್ರತಿ ಫಾರ್ಮಿಗೂ ಒಂದು ಗುರುತಿನ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಮತ್ತೆ ಬಂದರೆ ಮೊದಲ ಅರ್ಜಿಯನ್ನೇ ತೋರಿಸುವುದು. ಅರ್ಜಿ ಸೇರಿದ ಮೇಲೆ 303 ಎಂಬ ಉತ್ತರದೊಂದಿಗೆ ಬ್ರೌಸರನ್ನು ಬೇರೆ ಪುಟಕ್ಕೆ ಕಳಿಸುವುದು. ಆಗ ರಿಫ್ರೆಶ್ ಮಾಡಿದರೂ ಅದೇ ಅರ್ಜಿ ಮತ್ತೆ ಹೋಗುವುದಿಲ್ಲ.

ಈಗ ನಮ್ಮ ಟೀಮಿನಲ್ಲಿ ಯಾವುದೇ ಫಾರ್ಮ್ ಹೊರಗೆ ಹೋಗುವ ಮುಂಚೆ ಒಂದು ಪಟ್ಟಿ ಓಡಿಸುತ್ತೇವೆ. ಜಾಗ ಬಿಟ್ಟ ಆಧಾರ್, ಚುಕ್ಕಿ ಇರುವ ಇನಿಷಿಯಲ್, ಒಂದೇ ಹೆಸರಿನವರು, ಕನ್ನಡದಲ್ಲಿ ಬರೆದ ಊರು, ಎರಡು ಸಲ ಒತ್ತಿದ ಸಬ್ಮಿಟ್. ಆ ಪಟ್ಟಿಗೆ ಹುಡುಗರು ಇಟ್ಟ ಹೆಸರು ‘ಚಿಗವ್ವ ಟೆಸ್ಟ್’. ಚಿಗವ್ವನಿಗೆ ಹೇಳಿದರೆ ನಕ್ಕು, “ನನ್ ಹೆಸರ ಯಾಕಪಾ, ಕೆಲಸ ನೆಟ್ಟಗ ಮಾಡ್ರಿ ಸಾಕು” ಅಂದಳು.

ನೀವೂ ಇಂಥ ಕೋಡ್ ಬರೆಯುವವರಾಗಿದ್ದರೆ ನಿಮ್ಮ ಪಟ್ಟಿಗೆ ನಿಮ್ಮೂರಿನ ಹೆಸರನ್ನು ಸೇರಿಸಿ ನೋಡಿ. ಅದು ದಾಟದ ಫಾರ್ಮ್ ಇನ್ನೂ ತಯಾರಾಗಿಲ್ಲ ಅಂತಲೇ ಅರ್ಥ.