ತೆಗೆದುಹಾಕುವ ಮುನ್ನ

ನಿಮ್ಮ ಮನೆಯ ಗಣಕಯಂತ್ರದಲ್ಲಿ ಎಷ್ಟು ತಂತ್ರಾಂಶಗಳಿವೆಯೆಂದು ಎಂದಾದರೂ ಎಣಿಸಿದ್ದೀರಾ? ನಮ್ಮ ಹಳೆಯ ಯಂತ್ರವನ್ನು ತಂಗಿಯ ಮಗಳ ವ್ಯಾಸಂಗಕ್ಕೆ ಕೊಡುವುದೆಂದು ನಿಶ್ಚಯವಾದಾಗ ನಾನು ಎಣಿಸಿದೆ. ಅರವತ್ತಕ್ಕೂ ಮಿಕ್ಕಿ ಇದ್ದವು. ಅರ್ಧದಷ್ಟರ ಹೆಸರೇ ನಮಗೆ ಅಪರಿಚಿತ.

ಕೆಲವನ್ನು ತೆಗೆಯಲು ಯೋಚಿಸಬೇಕಾಗಿರಲಿಲ್ಲ. ಫ್ಲ್ಯಾಶ್ ಪ್ಲೇಯರ್‌ಗೆ ಅಡೋಬಿ ಸಂಸ್ಥೆಯೇ 2020ರ ಡಿಸೆಂಬರ್ 31ರಂದು ಬೆಂಬಲವನ್ನು ನಿಲ್ಲಿಸಿ, ಅದನ್ನು ತೆಗೆದುಬಿಡುವಂತೆ ಬಳಕೆದಾರರಿಗೆ ತಿಳಿಸಿತ್ತು. ಇಂಥವು ಸುಮ್ಮನೆ ಬಿದ್ದಿದ್ದರೆ ಯಾರಿಗೇನು ತೊಂದರೆ ಎಂದು ನೀವು ಕೇಳಬಹುದು. ದುರಸ್ತಿ ನಿಂತುಹೋದ ತಂತ್ರಾಂಶವು ಚಿಲಕವಿಲ್ಲದ ಹಿಂಬಾಗಿಲಿನಂತೆ. ವಿನ್‌ರಾರ್‌ನಲ್ಲಿ 'ಏಸ್' ಎಂಬ ಹಳೆಯ ಬಗೆಯ ಕಡತಗಳನ್ನು ಬಿಡಿಸಲೆಂದು ಸೇರಿಸಿದ್ದ ಒಂದು ಪುಟ್ಟ ಭಾಗವು 2005ರಿಂದ ನವೀಕರಣವನ್ನೇ ಕಂಡಿರಲಿಲ್ಲ. ಅದರಲ್ಲಿದ್ದ ಅಪಾಯಕಾರಿ ದೋಷವು 2019ರಲ್ಲಿ ಬಹಿರಂಗವಾಯಿತು. ತಯಾರಕರು ಕಡೆಗೆ ಆ ಭಾಗವನ್ನೇ ಕಿತ್ತುಹಾಕಿದರು. ಇನ್ನು 'ವಿಶುವಲ್ ಸಿ ಪ್ಲಸ್ ಪ್ಲಸ್' ಎಂಬ ಹೆಸರಿನವು ಬೇರೆಬೇರೆ ಇಸವಿಗಳೊಡನೆ ಸಾಲಾಗಿ ಕಾಣಿಸುತ್ತವೆ. ನಕಲುಗಳೆಂದು ಭ್ರಮಿಸಿ ಅವನ್ನು ಅಳಿಸಬೇಡಿ. ಬೇರೆ ತಂತ್ರಾಂಶಗಳು ಅವುಗಳನ್ನೇ ಆಧರಿಸಿ ನಿಂತಿರುತ್ತವೆ.

ನನ್ನ ಕೈ ತಡೆದದ್ದು 'ನುಡಿ'ಯ ಹಳೆಯ ಆವೃತ್ತಿಯ ಬಳಿ. ತಂದೆಯವರು ತೀರಿಕೊಂಡ ಮೇಲೆ ಅದನ್ನು ಯಾರೂ ತೆರೆದಿರಲಿಲ್ಲ. ಕನ್ನಡವು 1991ರಲ್ಲೇ ಯೂನಿಕೋಡ್‌ನಲ್ಲಿ ಸ್ಥಾನ ಪಡೆದಿದ್ದರೂ, ನಮ್ಮಲ್ಲಿ ಬಹುಕಾಲ ಬರವಣಿಗೆ ನಡೆದದ್ದು ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ. ಅವುಗಳಲ್ಲಿ ಕನ್ನಡ ಅಕ್ಷರಗಳ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಲಾಗಿತ್ತು. ಫಾಂಟು ಇರುವವರೆಗೆ ಅದು ಕನ್ನಡ. ಫಾಂಟು ಹೋದರೆ ಪುಟದ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು. ತಂದೆಯವರು 2003ರಿಂದ 2008ರವರೆಗೆ ಬೆರಳಚ್ಚಿಸಿದ ನಮ್ಮ ವಂಶದ ವೃತ್ತಾಂತ, ಅಜ್ಜಿ ಹೇಳುತ್ತಿದ್ದ ಕಥೆಗಳು, ಮಾರಿಹೋದ ಗದ್ದೆಗಳ ಹೆಸರುಗಳು ಎಲ್ಲವೂ ಆ ಫಾಂಟಿನಲ್ಲೇ ಇವೆ. 'ಉಪಯೋಗವಿಲ್ಲದವು' ಎಂಬ ಪಟ್ಟಿ ಮಾಡುವಾಗ, ಎಷ್ಟು ದಿನದಿಂದ ತೆರೆದಿಲ್ಲ ಎಂಬ ಒಂದೇ ಲೆಕ್ಕ ಸಾಲದೆಂದು ನನಗನ್ನಿಸಿದ್ದು ಆಗಲೇ.

ನಿಮ್ಮ ಮನೆಯಲ್ಲಿಯೂ ಇಂಥ ಕಡತಗಳಿದ್ದರೆ ಮೊದಲು ಅವುಗಳನ್ನೂ ಫಾಂಟನ್ನೂ ಪೆನ್‌ಡ್ರೈವ್‌ಗೆ ನಕಲಿಸಿಕೊಳ್ಳಿ. ಬಳಿಕ ಯೂನಿಕೋಡ್‌ಗೆ ಪರಿವರ್ತಿಸಿ, ಅದಕ್ಕೆಂದೇ ಪರಿವರ್ತಕಗಳಿವೆ. ಫಾಂಟನ್ನು ಒಳಗೊಂಡ ಪಿಡಿಎಫ್ ಪ್ರತಿಯೊಂದನ್ನು ಮಾಡಿಟ್ಟರೆ ಇನ್ನೂ ಕ್ಷೇಮ. ಪರಿವರ್ತನೆಯನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ನಮ್ಮ ಕಡತಗಳಲ್ಲಿ ಅರ್ಕಾವತ್ತು ಬಂದ ಕಡೆಗಳಲ್ಲಿ ಅಕ್ಷರಗಳು ಪಲ್ಲಟಗೊಂಡಿದ್ದವು. ಒಂದು ಗದ್ದೆಯ ಹೆಸರಂತೂ ಗುರುತು ಸಿಗದಷ್ಟು ಬದಲಾಗಿತ್ತು.

ಈಗ ರಾತ್ರಿ ಊಟವಾದ ಮೇಲೆ ಅಮ್ಮ ಮೂಲ ಪ್ರತಿಯನ್ನು ಓದುತ್ತಾರೆ, ನಾನು ತಿದ್ದುತ್ತೇನೆ. ಹನ್ನೊಂದು ಕಡತಗಳಲ್ಲಿ ಏಳು ಮುಗಿದಿವೆ. ಯಂತ್ರ ಯಾವಾಗ ಬರುತ್ತದೆಂದು ತಂಗಿಯ ಮಗಳು ಎರಡು ಬಾರಿ ವಿಚಾರಿಸಿದ್ದಾಳೆ. ಉಳಿದ ನಾಲ್ಕು ಮುಗಿಯುವವರೆಗೆ ಕಾಯಬೇಕೆಂದು ಅಮ್ಮನೇ ಹೇಳಿದ್ದಾರೆ.